ಮೈಸೂರಿನ ಮಾವುತರ ಹುಡುಗ ಹಾಲಿವುಡ್‌ನಲ್ಲಿ ಏನಾದ?

ಕಾಕನಕೋಟೆಯ ಕಾಡಂಚಿನಲ್ಲಿ ಹುಟ್ಟಿದವನು ಹನ್ನೆರಡಕ್ಕೆ ಲಂಡನ್ ಸೇರಿದ, ಹದಿನಾರಕ್ಕೆ ಜಗತ್ತಿನ ತಾರೆಯಾದ, ಇಪ್ಪತ್ತಕ್ಕೆ ಅಮೆರಿಕದ ಪ್ರಜೆಯಾದ. ಹಾಲಿವುಡ್ ಸಾಬುವಿಗೆ ಹೆಸರು, ಹಣ, ಮನೆ ಎಲ್ಲವನ್ನೂ ಕೊಟ್ಟಿತು. ಬೇರೊಂದು ಪಾತ್ರವನ್ನು ಮಾತ್ರ ಕೊಡಲಿಲ್ಲ!

ಕಬಿನಿ ಹೊಳೆಯ ಇಕ್ಕೆಲದ ಬಿದಿರು ಮೆಳೆಗಳ ಹಿಂದಿನಿಂದ ತಮಟೆ, ತುತ್ತೂರಿ, ಕೋವಿಗಳ ಸದ್ದು ಒಮ್ಮೆಲೇ ಏಳುತ್ತದೆ. ಪಂಜು ಹಿಡಿದ ಜೇನುಕುರುಬರು ಮತ್ತು ಕಾಡುಕುರುಬರು ಸಾಲುಗಟ್ಟಿ ನಿಂತು ಕಾಡಾನೆಗಳ ಹಿಂಡನ್ನು ಹೊಳೆಯತ್ತ ತಳ್ಳುತ್ತಾರೆ. ನೀರಿಗಿಳಿದ ಹಿಂಡು ದಿಕ್ಕು ತಪ್ಪದಂತೆ ಪಳಗಿದ ಆನೆಗಳ ಕತ್ತಿನ ಮೇಲೆ ಕೂತ ಮಾವುತರು ಮಗ್ಗುಲಲ್ಲಿ ಒತ್ತಿಕೊಂಡು ಬರುತ್ತಾರೆ. ಆಚೆ ದಡ ಹತ್ತಿದ ಆನೆಗಳು ಮರದ ದಿಮ್ಮಿಗಳ ಆವರಣವನ್ನು ಹೊಕ್ಕೊಡನೆ ಹೆಬ್ಬಾಗಿಲು ಬೀಳುತ್ತದೆ.

ಕಾಡಾನೆಗಳನ್ನು ಹಿಂಡುಹಿಂಡಾಗಿ ಹಿಡಿದು ಪಳಗಿಸುವ ಈ ಪದ್ಧತಿಗೆ ಖೆಡ್ಡಾ ಎಂದು ಹೆಸರು. ಮೈಸೂರು ಸಂಸ್ಥಾನವು ವೈಸರಾಯ್‌ಗಳಂಥ ಅತಿಥಿಗಳಿಗೆ ಅಭಿಮಾನದಿಂದ ತೋರಿಸುತ್ತಿದ್ದ ಈ ನೋಟವನ್ನು 1935-36ರ ಅವಧಿಯಲ್ಲಿ ಒಬ್ಬ ಅಮೆರಿಕನ್ ನಿರ್ದೇಶಕನ ಕ್ಯಾಮೆರಾದ ಮುಂದೆ ಏರ್ಪಡಿಸಲಾಯಿತು. ಆ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ. ಉತ್ತರ ಧ್ರುವ ಪ್ರದೇಶದ ಬುಡಕಟ್ಟು ಜನರನ್ನು ಕುರಿತ ‘ನಾನೂಕ್ ಆಫ್ ದಿ ನಾರ್ತ್’ (1922) ಚಿತ್ರದಿಂದ, ಅಂದರೆ ನಟರಲ್ಲದವರ ನಿಜಬದುಕನ್ನೇ ಕಥೆಯಾಗಿ ಕಟ್ಟುವ ಸಾಕ್ಷ್ಯಚಿತ್ರ ಪ್ರಕಾರದಿಂದ, ಅಷ್ಟು ಹೊತ್ತಿಗೆ ಹೆಸರಾಗಿದ್ದವನು. ರುಡ್ಯಾರ್ಡ್ ಕಿಪ್ಲಿಂಗ್ ಬರೆದ ‘ತೂಮಾಯ್ ಆಫ್ ದಿ ಎಲಿಫೆಂಟ್ಸ್’ ಎಂಬ ಕಥೆಯನ್ನು ಚಿತ್ರವಾಗಿಸಲು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವನನ್ನು ಕಳಿಸಿದ್ದ. ಆನೆ, ಕಾಡು, ಅರಮನೆ ಮೂರನ್ನೂ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಒದಗಿಸಿತು. ಉಳಿದದ್ದು ಕಥಾನಾಯಕನಾದ ಮಾವುತರ ಹುಡುಗನೊಬ್ಬ.

ಆ ಹುಡುಗ ಸಿಕ್ಕಿದ್ದು ಮಹಾರಾಜರ ಆನೆ ಲಾಯದಲ್ಲಿ. ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಕಣ್ಣಿಗೆ ಬಿದ್ದ ಸಾಬು, 1924ರ ಜನವರಿ 27ರಂದು ಈಗಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ, ಸಂಸ್ಥಾನದ ಮಾವುತನೊಬ್ಬನ ಮಗನಾಗಿ ಹುಟ್ಟಿದವನು. ತಾಯಿ ಅವನು ಕೂಸಾಗಿದ್ದಾಗಲೇ, ತಂದೆ ಅವನಿಗೆ ಹತ್ತು ತುಂಬುವ ಮೊದಲೇ ತೀರಿಕೊಂಡಿದ್ದರಿಂದ ಅರಮನೆಯ ಲಾಯವೇ ಅವನ ಮನೆಯಾಗಿತ್ತು. ಇಂಗ್ಲಿಷ್ ಬರುತ್ತಿರಲಿಲ್ಲ, ನಾಟಕದ ಬಣ್ಣ ಹಚ್ಚಿದವನಲ್ಲ. ಆದರೆ ಮಹಾರಾಜರ ಆನೆಗಳಲ್ಲೇ ಭಾರಿಯಾಗಿದ್ದ ಐರಾವತದ ಮೇಲೆ ಅವನು ನಿರಾಳವಾಗಿ ಕೂರುತ್ತಿದ್ದ ರೀತಿಯನ್ನು ಯಾವ ನಟನಿಗೂ ಕಲಿಸಲು ಬರುವಂತಿರಲಿಲ್ಲ.

ಖೆಡ್ಡಾ: ಒಂದು ನೋಟ
ಮೈಸೂರು ಸೀಮೆಯಲ್ಲಿ ಈ ಪದ್ಧತಿಯನ್ನು 1870ರ ದಶಕದಲ್ಲಿ ಚಾಮರಾಜನಗರದ ಕಡೆ ನೆಲೆಗೊಳಿಸಿದವನು ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್‌ಸನ್. ಮುಂದೆ ಅದಕ್ಕೆ ಹೆಸರಾದದ್ದು ಕಾಕನಕೋಟೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ನೆಲದ ಬಹುಭಾಗವನ್ನು ಕಬಿನಿ ಜಲಾಶಯ ಮುಳುಗಿಸಿತು. ಅದೇ ಕಾಡಿನ ಕುರುಬರನ್ನು ಕುರಿತು ಮಾಸ್ತಿ ವೆಂಕಟೇಶ ಅಯ್ಯಂಗಾರ್ ‘ಕಾಕನಕೋಟೆ’ ನಾಟಕ ಬರೆದರು, ಸಿ.ಆರ್. ಸಿಂಹ 1977ರಲ್ಲಿ ಅದನ್ನು ಚಲನಚಿತ್ರವಾಗಿಸಿದರು.

ಫ್ಲಾಹರ್ಟಿಗೆ ಆತುರವೆಂಬುದು ಗೊತ್ತಿರಲಿಲ್ಲ. ಮಳೆಗಾಲ ಕಳೆದು ಮತ್ತೊಂದು ವರ್ಷ ಬಂದರೂ ಚಿತ್ರ ಮುಗಿಯದಿದ್ದಾಗ, ಖರ್ಚಿಗೆ ಬೆದರಿದ ಕೋರ್ಡಾ ತನ್ನ ತಮ್ಮ ಜೋಲ್ಟಾನ್ ಕೋರ್ಡಾನ ಕೈಗೆ ಉಳಿದ ಕೆಲಸವನ್ನು ಒಪ್ಪಿಸಿದ. 1936ರಲ್ಲಿ ಸಾಬುವನ್ನೂ ಅವನ ಅಣ್ಣ ಶೇಖ್ ದಸ್ತಗೀರನನ್ನೂ ಹಡಗಿನಲ್ಲಿ ಇಂಗ್ಲೆಂಡಿಗೆ ಕರೆದೊಯ್ದು, ಹೊಸದಾಗಿ ಕಟ್ಟಿದ್ದ ಡೆನ್‌ಹ್ಯಾಮ್ ಸ್ಟುಡಿಯೊದಲ್ಲಿ ಕಾಡಿನ ಸೆಟ್ ಹಾಕಿ ಅಲ್ಲಿನ ಆನೆಗಳ ಜತೆ ಮಿಕ್ಕ ದೃಶ್ಯಗಳನ್ನು ತೆಗೆಯಲಾಯಿತು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯನ್ನು ಪಡೆಯಿತಾದರೂ ಪ್ರೇಕ್ಷಕರು ನೆನಪಿಟ್ಟುಕೊಂಡದ್ದು ನಿರ್ದೇಶಕರಿಬ್ಬರನ್ನಲ್ಲ, ಹುಡುಗನನ್ನು. ಈ ಗಡಿಬಿಡಿಯ ನಡುವೆಯೇ ಅಣ್ಣನ ಹೆಸರು ತಮ್ಮನ ಹೆಸರಿಗೆ ಅಂಟಿಕೊಂಡು ‘ಸಾಬು ದಸ್ತಗೀರ್’ ಎಂದಾಯಿತು. ಅವನ ನಿಜವಾದ ಹೆಸರು ಸೇಲಾರ್ ಶೇಖ್ ಸಾಬು ಎಂಬುದು ಮುಂದಿನ ಸಂಶೋಧಕರ ಅಭಿಪ್ರಾಯ.

ವಲಸೆಯ ನಟ ಎಂಬ ಮಾತು ಕನ್ನಡಕ್ಕೆ ಹೊರಗಿನದೇನಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಸಂಸ್ಥಾನದಲ್ಲಿ ಆಗ ಚಿತ್ರೀಕರಣಕ್ಕೆ ಯೋಗ್ಯವಾದ ಸ್ಟುಡಿಯೊ ಇರದ ಕಾರಣ, ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು ಅವರಂಥ ರಂಗನಟರು ಅದರ ಚಿತ್ರೀಕರಣಕ್ಕೆ ಕೊಲ್ಲಾಪುರಕ್ಕೆ ಹೋಗಿದ್ದರು. ಮುಂದೆಯೂ ಹಲವು ದಶಕಗಳ ಕಾಲ ಕನ್ನಡದ ನಟನಾಗಬೇಕೆಂದರೆ ಮದರಾಸಿನಲ್ಲಿ ಬಿಡಾರ ಹೂಡುವುದು ಅನಿವಾರ್ಯವಾಗಿತ್ತು. ಆದರೆ ಕೊಲ್ಲಾಪುರಕ್ಕೆ ಹೋದವರು ತಮ್ಮ ನಾಟಕ, ತಮ್ಮ ಮಾತು, ತಮ್ಮ ಪುರಾಣವನ್ನು ಜತೆಗೊಯ್ದಿದ್ದರು. ಸಾಬು ಒಯ್ದದ್ದು ಆನೆ ಸವಾರಿಯನ್ನು ಮತ್ತು ಕ್ಯಾಮೆರಾಕ್ಕೆ ಒಗ್ಗಿದ ಒಂದು ನಗುವನ್ನು. ಕಥೆ ಬೇರೆಯವರದಾಗಿತ್ತು.

ಬೇರೆಯವರದೆಂದರೆ ಯಾರದು ಎಂಬುದು ಎರಡನೆಯ ಚಿತ್ರದಲ್ಲೇ ಸ್ಪಷ್ಟವಾಯಿತು. 1938ರ ‘ದಿ ಡ್ರಮ್’ ವಾಯವ್ಯ ಗಡಿನಾಡಿನ ಕಥೆ. ಅದರಲ್ಲಿ ಸಾಬು, ಬ್ರಿಟಿಷರನ್ನು ನೆಚ್ಚಿದ ಅಜೀಮ್ ಎಂಬ ಎಳೆಯ ರಾಜಕುಮಾರ. ಬ್ರಿಟಿಷರ ವಿರುದ್ಧ ದಂಗೆಯೇಳುವ ಅವನ ಚಿಕ್ಕಪ್ಪನೇ ಖಳ. ಸ್ವಾತಂತ್ರ್ಯ ಚಳವಳಿ ಕಾವೇರಿದ್ದ ಆ ವರ್ಷ ಮುಂಬೈ ಮತ್ತು ಮದರಾಸಿನ ಪ್ರೇಕ್ಷಕರು ಬೀದಿಗಿಳಿದು ಪ್ರತಿಭಟಿಸಿದ್ದರಿಂದ ಚಿತ್ರದ ಪ್ರದರ್ಶನ ನಿಲ್ಲಬೇಕಾಯಿತು. ಹದಿನಾಲ್ಕರ ಹುಡುಗನನ್ನು ಇದಕ್ಕಾಗಿ ದೂರುವಂತಿಲ್ಲ. ಅವನಿಗೆ ಕೊಟ್ಟ ಮಾತನ್ನು ಅವನು ಆಡಿದ್ದ, ಅಷ್ಟೆ.

ಸಾಮ್ರಾಜ್ಯವನ್ನು ಹೊಗಳುವ ಈ ಚಿತ್ರಗಳನ್ನು ತಯಾರಿಸಿದ ಕೋರ್ಡಾ ಸಹೋದರರು ಸ್ವತಃ ಇಂಗ್ಲಿಷರಲ್ಲ, ಹಂಗೇರಿಯಿಂದ ಬಂದ ಯಹೂದಿಗಳು ಎಂಬುದು ಗಮನಿಸಬೇಕಾದ ವಿಷಯ. ‘ದಿ ಥೀಫ್ ಆಫ್ ಬಾಗ್ದಾದ್’ (1940) ಚಿತ್ರದಲ್ಲಂತೂ ನಿರ್ಮಾಪಕ ಮತ್ತು ಸಂಗೀತ ನಿರ್ದೇಶಕ ಮಿಕ್ಲೋಸ್ ರೋಜಾ ಹಂಗೇರಿಯವರು, ಖಳನಟ ಕಾನ್ರಾಡ್ ವೈಟ್ ನಾಜಿಗಳ ಜರ್ಮನಿಯನ್ನು ತೊರೆದವನು, ಕಳ್ಳ ಅಬುವಿನ ಪಾತ್ರದ ಸಾಬು ಮೈಸೂರಿನವನು. ಮಹಾಯುದ್ಧ ಶುರುವಾಗಿ ಲಂಡನ್ನಿನಲ್ಲಿ ಕೆಲಸ ನಿಂತಾಗ ತಂಡ ಅಮೆರಿಕಕ್ಕೆ ಹೋಗಿ ಚಿತ್ರವನ್ನು ಮುಗಿಸಿತು. ಸಾಬು ಹಾಲಿವುಡ್ ಸೇರಿದ್ದು ಹೀಗೆ, ಒಂದು ಯುದ್ಧದ ನೆಪದಲ್ಲಿ. ಛಾಯಾಗ್ರಹಣ, ಕಲಾ ನಿರ್ದೇಶನ, ವಿಶೇಷ ಪರಿಣಾಮಗಳಿಗಾಗಿ ಮೂರು ಆಸ್ಕರ್ ಗೆದ್ದ ಆ ಚಿತ್ರ ಇಂದಿಗೂ ಅವನ ಅತ್ಯುತ್ತಮ ಕೆಲಸವಾಗಿ ಉಳಿದಿದೆ.

ಆ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಥೆಯನ್ನು ಮುಂದೆ ನಡೆಸುವವನು ಅಬು; ಭೂತವನ್ನು ಸೀಸೆಗೆ ಮರಳಿ ಇಳಿಸುವವನು, ದೇವತೆಯ ಹಣೆಗಣ್ಣಿನ ರತ್ನವನ್ನು ಕದಿಯುವವನು, ಕೊನೆಯ ಗಳಿಗೆಯಲ್ಲಿ ಹಾರುವ ಚಾಪೆಯ ಮೇಲೆ ಬಂದು ಖಳನನ್ನು ಕೊಲ್ಲುವವನು ಅವನೇ. ಆದರೆ ರಾಜಕುಮಾರಿಯ ಕೈಹಿಡಿಯುವ ಬಾಗ್ದಾದಿನ ರಾಜನ ಪಾತ್ರದಲ್ಲಿರುವವನು ಜಾನ್ ಜಸ್ಟಿನ್ ಎಂಬ ಇಂಗ್ಲಿಷ್ ನಟ. ಅರಸೊತ್ತಿಗೆ, ಪ್ರೇಮ ಎರಡೂ ಅವನ ಪಾಲಾದಾಗ ಅಬು ಚಾಪೆಯೇರಿ ಹಾರಿಹೋಗುತ್ತಾನೆ. ಹುಡುಗನಿಗೆ ಹದಿನಾರು ತುಂಬುತ್ತಿದ್ದುದರಿಂದ ಆಗ ಇದು ಸಹಜವಾಗಿಯೇ ಕಂಡಿರಬೇಕು. ಇಪ್ಪತ್ತು, ಇಪ್ಪತ್ತೈದು, ಮೂವತ್ತು ಆದಾಗಲೂ ಹಾಲಿವುಡ್ ಅವನನ್ನು ಅದೇ ಚಾಪೆಯ ಮೇಲೆ ಕೂರಿಸಿ ಕಳಿಸುತ್ತ ಹೋಯಿತು.

‘ಜಂಗಲ್ ಬುಕ್’ (1942) ಚಿತ್ರದಲ್ಲಿ ಮೋಗ್ಲಿಯಾದ ಬಳಿಕ ಯೂನಿವರ್ಸಲ್ ಸ್ಟುಡಿಯೊ ಅವನನ್ನು ಕರಾರಿಗೆ ತೆಗೆದುಕೊಂಡಿತು. ‘ಅರೇಬಿಯನ್ ನೈಟ್ಸ್’ (1942), ‘ವೈಟ್ ಸ್ಯಾವೇಜ್’ (1943), ‘ಕೋಬ್ರಾ ವುಮನ್’ (1944) ಒಂದರ ಹಿಂದೊಂದು ಬಂದವು; ಮೂರು ಪ್ರತ್ಯೇಕ ಫಿಲ್ಮ್ ಪಟ್ಟಿಗಳ ಮೇಲೆ ಬಣ್ಣಗಳನ್ನು ಬೇರೆಬೇರೆಯಾಗಿ ಹಿಡಿದು ಕೂಡಿಸುವ ಟೆಕ್ನಿಕಲರ್ ವಿಧಾನದಲ್ಲಿ ಮಿನುಗುವ ಮರಳುಗಾಡು, ದ್ವೀಪ, ಸರ್ಪದೇವತೆಗಳ ಈ ಕಥೆಗಳು ಯುದ್ಧದಿಂದ ಬೇಸತ್ತ ಜನಕ್ಕೆ ಹಿಡಿಸಿದವು. ಮೂರರಲ್ಲೂ ನಾಯಕ ಜಾನ್ ಹಾಲ್, ನಾಯಕಿ ಡೊಮಿನಿಕನ್ ಗಣರಾಜ್ಯದಿಂದ ಬಂದ ಮಾರಿಯಾ ಮೊಂಟೆಜ್, ಸಾಬು ನಾಯಕನ ಗೆಳೆಯ. ನಾಯಕ ನಾಯಕಿಯರು ಸರಸಕ್ಕೆ ತೊಡಗುವಾಗ ಗೆಳೆಯನಿಗೆ ಆ ದೃಶ್ಯದಲ್ಲಿ ಕೆಲಸವಿರುವುದಿಲ್ಲ.

ಇದು ಬರಿಯ ಅಭಿರುಚಿಯ ಮಾತಲ್ಲ, ಕಟ್ಟಳೆಯ ಮಾತೂ ಹೌದು. 1934ರಿಂದ ಬಿಗಿಯಾಗಿ ಜಾರಿಯಾದ ‘ನಿರ್ಮಾಣ ಸಂಹಿತೆ’, ಅಂದರೆ ತೆರೆಯ ಮೇಲೆ ಏನನ್ನು ತೋರಿಸಬಾರದೆಂದು ಸ್ಟುಡಿಯೊಗಳು ತಮಗೆ ತಾವೇ ಹಾಕಿಕೊಂಡ ನಿಯಮಾವಳಿ, ಬಿಳಿಯರು ಮತ್ತು ಕರಿಯರ ನಡುವಿನ ಪ್ರಣಯವನ್ನು ನಿಷೇಧಿಸಿತ್ತು. ಅದೇ ಹಿಂಜರಿಕೆ ರೂಢಿಯಲ್ಲಿ ಏಷ್ಯಾದ ನಟರಿಗೂ ಅನ್ವಯವಾಗುತ್ತಿತ್ತು. ಭಾರತದ ರಾಜನ ಪಾತ್ರವಿದ್ದರೂ ಅದಕ್ಕೆ ಬಿಳಿಯ ನಟನೊಬ್ಬನಿಗೆ ಕಂದುಬಣ್ಣ ಬಳಿಯುವುದೇ ಅಲ್ಲಿನ ವಾಡಿಕೆಯಾಗಿತ್ತು. ಬಣ್ಣ ಬಳಿಯಬೇಕಾಗಿರದ ನಟ ಕಣ್ಣೆದುರೇ ಇದ್ದ ಎಂಬುದು ಬೇರೆ ಮಾತು.

ಮುಚ್ಚಿದ ದೇಶದ ಪ್ರಜೆ
1917ರ ವಲಸೆ ಕಾಯ್ದೆ ಏಷ್ಯಾದ ಬಹುಭಾಗದವರಿಗೆ ಅಮೆರಿಕದ ಬಾಗಿಲನ್ನು ಮುಚ್ಚಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ‘ಬಿಳಿಯರು’ ಅಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಈ ತಡೆ ಸಡಿಲಗೊಂಡದ್ದು 1946ರ ಲೂಸ್-ಸೆಲ್ಲರ್ ಕಾಯ್ದೆಯಿಂದ. ಅದೂ ವರ್ಷಕ್ಕೆ ನೂರು ಭಾರತೀಯರಿಗೆ ಮಾತ್ರ ವಲಸೆಯ ಅವಕಾಶ. ಸಾಬು ಅಮೆರಿಕದ ಪ್ರಜೆಯಾದದ್ದು ಅದಕ್ಕೂ ಎರಡು ವರ್ಷ ಮೊದಲು.

1944ರಲ್ಲಿ ಪೌರತ್ವ ಪಡೆದ ಸಾಬು ಅದೇ ವರ್ಷ ಅಮೆರಿಕದ ವಾಯುಪಡೆಯನ್ನು ಸೇರಿದರು. ಬಿ-24 ಬಾಂಬರ್ ವಿಮಾನದ ಬಾಲದ ತುದಿಯಲ್ಲೂ ಹೊಟ್ಟೆಯಡಿಯ ಗುಂಡುಗೋಪುರದಲ್ಲೂ ಬಂದೂಕು ಹಿಡಿದು ಕೂರುವ ಗನ್ನರ್ ಆಗಿ, ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಬಾರಿ ದಾಳಿಗೆ ಹೋಗಿ ಬಂದು, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಶೌರ್ಯಪದಕಕ್ಕೆ ಪಾತ್ರರಾದರು. ಸ್ಟುಡಿಯೊದ ಚಾಪೆಯ ಮೇಲೆ ಹಾರಿದವರು ನಿಜವಾಗಿ ಹಾರಿದ್ದು ಆಗಲೇ. ಆದರೆ ಯುದ್ಧ ಮುಗಿಸಿ ಬಂದ ಸೈನಿಕರನ್ನು ನಾಯಕರನ್ನಾಗಿಸಿದ ಹಲವಾರು ಚಿತ್ರಗಳನ್ನು ಹಾಲಿವುಡ್ ಆ ಕಾಲದಲ್ಲಿ ತೆಗೆಯಿತಾದರೂ ಪದಕ ಪಡೆದ ಈ ನಟನಿಗೆ ಕಾದಿದ್ದದ್ದು ಮತ್ತೆ ಕಾಡೇ: ಜಿಮ್ ಕಾರ್ಬೆಟ್ಟರ ಪುಸ್ತಕದ ಹೆಸರನ್ನು ಹೊತ್ತ ‘ಮ್ಯಾನ್-ಈಟರ್ ಆಫ್ ಕುಮಾವೂನ್’ (1948), ‘ಸಾಂಗ್ ಆಫ್ ಇಂಡಿಯಾ’ (1949), ‘ಸ್ಯಾವೇಜ್ ಡ್ರಮ್ಸ್’ (1951).

ಇದಕ್ಕೆ ಒಂದೇ ಒಂದು ಅಪವಾದವಿದೆ ಎನ್ನಬಹುದಾದರೆ ಅದು 1947ರಲ್ಲಿ ಮೈಕೆಲ್ ಪೋವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೊದಲ್ಲೇ ಹಿಮಾಲಯವನ್ನು ಸೃಷ್ಟಿಸಿ ತೆಗೆದ ‘ಬ್ಲ್ಯಾಕ್ ನಾರ್ಸಿಸಸ್’. ಅಲ್ಲಿ ಸಾಬು ‘ಯುವ ಜನರಲ್’. ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಓದು ಕಲಿಯಲು ಬರುವ, ಜರತಾರಿ ಉಡುಪಿನ ರಾಜಮನೆತನದ ಯುವಕ. ತರಗತಿಯಲ್ಲಿ ಅವನು ಸುಗಂಧ ಪೂಸಿದ ಕರವಸ್ತ್ರವನ್ನು ಬೀಸುತ್ತಾನೆ. ಸನ್ಯಾಸಿನಿಯರು ಪೂರ್ವದೇಶದ ಮಾದಕ ಪರಿಮಳವೆಂದು ಕಸಿವಿಸಿಗೊಳ್ಳುವ ಆ ಸುಗಂಧ ಬಂದಿರುವುದು ಲಂಡನ್ನಿನ ಆರ್ಮಿ ಅಂಡ್ ನೇವಿ ಸ್ಟೋರ್ಸ್ ಎಂಬ ಅಂಗಡಿಯಿಂದ, ಚಿತ್ರದ ಶೀರ್ಷಿಕೆಯೂ ಆ ಸೀಸೆಯದೇ ಹೆಸರು. ಪೂರ್ವ ಹೇಗಿರಬೇಕೆಂದು ಪಶ್ಚಿಮ ಕಲ್ಪಿಸಿಕೊಳ್ಳುತ್ತದೆಯೋ ಅದನ್ನು ಪಶ್ಚಿಮವೇ ತಯಾರಿಸಿ ಮಾರುತ್ತದೆ ಎಂಬುದನ್ನು ಇಷ್ಟು ಹಗುರವಾಗಿ ತೋರಿಸಿದ ದೃಶ್ಯ ಮತ್ತೊಂದಿಲ್ಲ. ಅದಕ್ಕೆ ಸಾಬುಗಿಂತ ತಕ್ಕ ನಟನೂ ಇರಲಿಲ್ಲ. ಅಲ್ಲಿ ಅವರಿಗೆ ಪ್ರೇಮವೂ ದಕ್ಕುತ್ತದೆ. ದಕ್ಕಿದ ಕಾಂಚಿ ಎಂಬ ಹುಡುಗಿ ಮಾತ್ರ, ಮೈಗೆ ಕಂದುಬಣ್ಣ ಬಳಿದುಕೊಂಡ ಇಂಗ್ಲಿಷ್ ನಟಿ ಜೀನ್ ಸಿಮನ್ಸ್!

ಐವತ್ತರ ದಶಕದಲ್ಲಿ ಅರೇಬಿಯನ್ ಕಥೆಗಳ ಕಾಲ ಮುಗಿದಿತ್ತು, ಟೆಲಿವಿಷನ್ ಮನೆಮನೆಗೆ ಬಂದು ಸ್ಟುಡಿಯೊಗಳನ್ನು ಅಲುಗಾಡಿಸಿತ್ತು. ಸಾಬು 1951ರ ಕ್ರಿಸ್‌ಮಸ್ ಹೊತ್ತಿಗೆ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಜತೆ ಕಾಣಿಸಿಕೊಂಡರು. ಇಟಲಿಗೆ ಹೋಗಿ ವಿಟ್ಟೋರಿಯೊ ಡಿ ಸಿಕಾ ಜತೆ ‘ಹಲೋ ಎಲಿಫೆಂಟ್’ ಚಿತ್ರದಲ್ಲಿ ನಟಿಸಿದರು. ಟೆಲಿವಿಷನ್ನಿನಲ್ಲೂ ಅದೃಷ್ಟ ಪರೀಕ್ಷೆ ನಡೆಯಿತು. ಪೈಲಟ್ ಎಂದರೆ ಧಾರಾವಾಹಿಯೊಂದನ್ನು ವಾಹಿನಿಗಳಿಗೆ ಮಾರಲು ಮೊದಲು ತಯಾರಿಸುವ ಮಾದರಿ ಕಂತು. ಸಾಬು ಅವರ ಹೆಸರಿನಲ್ಲಿ ತಯಾರಾದ ಅಂಥ ಕಂತುಗಳು ಧಾರಾವಾಹಿಯಾಗಿ ಮುಂದುವರಿಯದೆ, ಒಟ್ಟಿಗೆ ಹೊಲಿಯಲ್ಪಟ್ಟು ‘ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್’ (1957) ಎಂಬ ಚಿತ್ರವಾಗಿ ಹೊರಬಂದವು. ಅದರಲ್ಲಿ ಅವರು ಖಲೀಫನ ಲಾಯದ ಹುಡುಗ. ಆಗ ಅವರ ವಯಸ್ಸು ಮೂವತ್ತಮೂರು.

ನಟನೆಯ ದೃಷ್ಟಿಯಿಂದ ಅವರ ಬದುಕಿನ ದೊಡ್ಡ ನಷ್ಟ ಸಂಭವಿಸಿದ್ದು ಹಾಲಿವುಡ್‌ನಲ್ಲಲ್ಲ, ಮುಂಬೈಯಲ್ಲಿ. ಮೆಹಬೂಬ್ ಖಾನ್ ತಮ್ಮ ‘ಮದರ್ ಇಂಡಿಯಾ’ ಚಿತ್ರದ ಬಿರ್ಜು ಪಾತ್ರಕ್ಕೆ, ಅಂದರೆ ಸಾಹುಕಾರನ ಮೇಲೆ ಸಿಡಿದೆದ್ದು ಕೊನೆಗೆ ತಾಯಿಯ ಗುಂಡಿಗೇ ಬಲಿಯಾಗುವ ಮಗನ ಪಾತ್ರಕ್ಕೆ, ಮೊದಲು ಆರಿಸಿದ್ದು ಸಾಬು ಅವರನ್ನು. ಅವರು ಲಾಸ್ ಏಂಜಲೀಸ್‌ನಿಂದ ಬಂದು ಹೋಟೆಲಿನಲ್ಲಿ ತಂಗಿ ಕಾದರು. ಚಿತ್ರೀಕರಣ ತಡವಾಯಿತು, ಅಮೆರಿಕದ ಪ್ರಜೆಯಾಗಿದ್ದ ಅವರಿಗೆ ಭಾರತದಲ್ಲಿ ದುಡಿಯುವ ಪರವಾನಗಿ ದೊರಕುವುದು ಕಷ್ಟವಾಯಿತು, ಪಾತ್ರ ಕೈತಪ್ಪಿತು. 1957ರಲ್ಲಿ ಬಿಡುಗಡೆಯಾದ ಆ ಚಿತ್ರದ ಬಿರ್ಜು ಆಗಿ ಸುನಿಲ್ ದತ್ ಹೆಸರಾದರು. ಕಾಡು, ಆನೆ, ಹಾರುವ ಚಾಪೆ ಯಾವುದೂ ಇಲ್ಲದ, ಕೋಪವೇ ಜೀವಾಳವಾದ ಒಂದು ದೊಡ್ಡ ಪಾತ್ರ ಅವರನ್ನು ಹುಡುಕಿಕೊಂಡು ಬಂದದ್ದು ಅದೊಂದೇ ಸಲ. ಹುಟ್ಟಿದ ದೇಶದಲ್ಲಿ ಅವರು ಆಗ ಪರದೇಶಿ.

ಸಾಬು ಸೋತ ಮನುಷ್ಯ ಎಂದು ಇದರಿಂದ ತೀರ್ಮಾನಿಸಿದರೆ ಅದು ಅವಸರದ ಮಾತಾದೀತು. 1948ರಲ್ಲಿ ನಟಿ ಮರಿಲಿನ್ ಕೂಪರ್ ಅವರನ್ನು ಮದುವೆಯಾಗಿ ಇಬ್ಬರು ಮಕ್ಕಳ ತಂದೆಯಾಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆ ನಿಂತರು. ಮಗ ಪಾಲ್ ಸಾಬು ರಾಕ್ ಸಂಗೀತಗಾರನಾಗಿ, ಮಗಳು ಜಾಸ್ಮಿನ್ ಸಾಬು ಚಿತ್ರಗಳಿಗೆ ಪ್ರಾಣಿಗಳನ್ನು ಪಳಗಿಸುವ ತರಬೇತುಗಾರ್ತಿಯಾಗಿ ಹೆಸರು ಮಾಡಿದರು. ಹಾಲಿವುಡ್‌ನ ಕಾಲುದಾರಿಯಲ್ಲಿ ಕಲಾವಿದರ ಹೆಸರು ಕೆತ್ತಿದ ನಕ್ಷತ್ರಗಳ ಸಾಲಿಗೆ 1960ರಲ್ಲೇ ಸಾಬು ಹೆಸರೂ ಸೇರಿತು. ತಬ್ಬಲಿ ಹುಡುಗನೊಬ್ಬ ಇಷ್ಟನ್ನು ಗಳಿಸಿದ್ದು ಸಣ್ಣ ಸಂಗತಿಯಲ್ಲ. ಒಳಗೆ ಬಿಟ್ಟುಕೊಂಡ ಉದ್ಯಮ ಅವರನ್ನು ಹೊಸಿಲಲ್ಲೇ ನಿಲ್ಲಿಸಿಕೊಂಡಿತು ಎಂಬುದಷ್ಟೇ ಇಲ್ಲಿನ ಆಕ್ಷೇಪ.

ಈ ಆಕ್ಷೇಪ ಹಾಲಿವುಡ್‌ಗೆ ಮಾತ್ರ ಸಲ್ಲುವುದೂ ಅಲ್ಲ. ರಟ್ಟೀಹಳ್ಳಿ, ಹಾನಗಲ್ಲ, ಶಿಗ್ಗಾವಿ, ಸವಣೂರಿನ ಕಡೆಯಿಂದ ಊರ ಜಾತ್ರೆಯ ನಾಟಕದಲ್ಲಿ ಬಣ್ಣ ಹಚ್ಚಿ ಬೆಂಗಳೂರಿನ ಧಾರಾವಾಹಿಗಳ ಸೆಟ್ಟಿಗೆ ಹೋಗುವ ಹುಡುಗರಿಗೆ ಮೊದಲ ಪಾತ್ರ ದೊರಕುವುದು ಬಹುಮಟ್ಟಿಗೆ ಅವರ ಮಾತಿನ ಧಾಟಿಯಿಂದ. ‘ಏನ್ರೀ, ಯಾಕ್ರೀ’ ಎಂದೊಡನೆ ಜನ ನಗುತ್ತಾರೆಂಬ ಲೆಕ್ಕಾಚಾರದಲ್ಲಿ ಅಡುಗೆಭಟ್ಟನೋ ಮನೆಯಾಳೋ ಪೇದೆಯೋ ಆಗುವ ಅವರು, ವೈದ್ಯನ ಅಥವಾ ಪ್ರೇಮಿಯ ಪಾತ್ರ ಬೇಕೆಂದರೆ ಅದೇ ಧಾಟಿಯನ್ನು ಬಿಟ್ಟುಬರಬೇಕಾಗುತ್ತದೆ. ಪೊಲೀಸ್ ಅಧಿಕಾರಿಯಾಗಿದ್ದು ನಟರಾಗಿ ‘ಕೌರವ’ ಚಿತ್ರದಿಂದ ಹೆಸರಾದ ಬಿ.ಸಿ. ಪಾಟೀಲರನ್ನು ವಿಧಾನಸಭೆಗೂ ಕಳಿಸಿದ ಹಿರೇಕೆರೂರು ಕ್ಷೇತ್ರಕ್ಕೆ ಸಿನಿಮಾದ ನಂಟು ಹೊಸದಲ್ಲ. ಆದರೆ ಒಬ್ಬಿಬ್ಬರ ಯಶಸ್ಸಿನಿಂದ ಪಾತ್ರ ಹಂಚುವವರ ಅಭ್ಯಾಸ ಬದಲಾಗುವುದಿಲ್ಲವೆಂಬುದಕ್ಕೆ ಸಾಬು ಅವರ ಪಾತ್ರಗಳ ಪಟ್ಟಿಯೇ ಸಾಕ್ಷಿ.

ರಾಬರ್ಟ್ ಮಿಚಮ್ ನಾಯಕನಾಗಿದ್ದ ‘ರ‍್ಯಾಂಪೇಜ್’ (1963) ಸಾಬು ಬದುಕಿದ್ದಾಗ ತೆರೆಕಂಡ ಕೊನೆಯ ಚಿತ್ರಗಳಲ್ಲೊಂದು. ಅದೇ ವರ್ಷದ ಡಿಸೆಂಬರ್ 2ರಂದು, ನಲವತ್ತು ತುಂಬಲು ಎರಡು ತಿಂಗಳಿರುವಾಗ, ಅವರು ಹೃದಯಾಘಾತದಿಂದ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಡಿಸ್ನಿ ಸಂಸ್ಥೆಯ ‘ಎ ಟೈಗರ್ ವಾಕ್ಸ್’ ಮರುವರ್ಷ ತೆರೆಕಂಡಿತು. ಅದರಲ್ಲಿ ಅವರು ಹುಲಿ ಪಳಗಿಸುವ ಭಾರತೀಯ.

2024ಕ್ಕೆ ಸಾಬು ಹುಟ್ಟಿ ನೂರು ವರ್ಷ ತುಂಬಿತು. 2027ಕ್ಕೆ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ತೊಂಬತ್ತು. ಪ್ರತಿವರ್ಷ ದಸರೆಯ ಗಜಪಯಣ ವೀರನಹೊಸಹಳ್ಳಿಯಿಂದ ಹೊರಟಾಗ ಆನೆಗಳ ಜತೆ ಮಾವುತರು, ಕಾವಾಡಿಗಳು ಮತ್ತು ಅವರ ಮಕ್ಕಳು ಮೈಸೂರಿಗೆ ಬರುತ್ತಾರೆ. ಅರಮನೆಯ ಆವರಣದಲ್ಲಿ ಆ ಮಕ್ಕಳಿಗಾಗಿ ಟೆಂಟ್ ಶಾಲೆ ನಡೆಯುತ್ತದೆ. ದಸರಾ ಚಲನಚಿತ್ರೋತ್ಸವದವರು ಈ ತೊಂಬತ್ತರ ನೆಪದಲ್ಲಿ ‘ಎಲಿಫೆಂಟ್ ಬಾಯ್’ ಮತ್ತು ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರಗಳನ್ನು ಕನ್ನಡ ಉಪಶೀರ್ಷಿಕೆಯೊಂದಿಗೆ ತೋರಿಸಲಿ. ಮೊದಲ ಆಹ್ವಾನ ಟೆಂಟ್ ಶಾಲೆಗೆ ಹೋಗಲಿ, ಎರಡನೆಯದು ಬೆಂಗಳೂರಿನಲ್ಲಿ ಪಾತ್ರ ಹಂಚುವವರಿಗೆ.